ಜಾಕ್ಸನ್‌ಗೆ ಮತ ಹಾಕಿದವರಿಗೆ ಮತದ ಹಕ್ಕು ಕೊಟ್ಟವರು ಯಾರು?

ಇತಿಹಾಸದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳಿಗೆ ಅಮೆರಿಕದ ಇತಿಹಾಸವನ್ನು ಪಾಠ ಮಾಡುತ್ತೇನೆ. ಹದಿನೈದು ವರ್ಷಗಳಿಂದ ನನ್ನ ಟಿಪ್ಪಣಿಯಲ್ಲಿ ಒಂದೇ ವಾಕ್ಯ ಉಳಿದುಕೊಂಡು ಬಂದಿದೆ: ‘1828ರಲ್ಲಿ ಆಂಡ್ರೂ ಜಾಕ್ಸನ್ ಅಧ್ಯಕ್ಷರಾಗಿ ಆಯ್ಕೆಯಾಗುವುದರೊಂದಿಗೆ ಅಮೆರಿಕದ ಸಾಮಾನ್ಯ ಜನರಿಗೆ ಮತದಾನದ ಹಕ್ಕು ದೊರೆಯಿತು.’ ಕಳೆದ ವಾರ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸರ್, ಸಾಮಾನ್ಯ ಜನರು ಮತ ಹಾಕಿದ್ದರಿಂದ ಜಾಕ್ಸನ್ ಗೆದ್ದರು ಎಂದು ಹೋದ ಪಾಠದಲ್ಲಿ ಹೇಳಿದಿರಿ. ಅವರು ಗೆದ್ದ ಮೇಲೆ ಹಕ್ಕು ಬಂತು ಎಂದು ಈಗ ಹೇಳುತ್ತಿದ್ದೀರಿ. ಹಾಗಾದರೆ ಅವರಿಗೆ ಮತ ಹಾಕಿದವರಿಗೆ ಆ ಹಕ್ಕು ಕೊಟ್ಟವರು ಯಾರು?’ ಎಂದು ಕೇಳಿದಳು. ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ನಾಳಿದ್ದು ಮತ್ತೆ ಅದೇ ತರಗತಿ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೇಪುಟ

ಆ ಹುಡುಗಿಯ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ, ಮೇಷ್ಟ್ರೇ. ಹಕ್ಕನ್ನು ಜಾಕ್ಸನ್ ಕೊಡಲಿಲ್ಲ. ಕೊಡುವ ಅಧಿಕಾರ ಯಾವ ಅಧ್ಯಕ್ಷರಿಗೂ ಇರಲಿಲ್ಲ. 1787ರ ಸಂವಿಧಾನ ಯಾರು ಮತದಾರರು ಎಂಬುದನ್ನು ತಾನು ನಿರ್ಧರಿಸದೆ ರಾಜ್ಯಗಳಿಗೆ ಬಿಟ್ಟುಬಿಟ್ಟಿತು. ರಾಜ್ಯದ ಶಾಸನಸಭೆಯಲ್ಲಿ ಹೆಚ್ಚು ಸದಸ್ಯರಿರುವ ಮನೆಗೆ ಯಾರು ಮತ ಹಾಕಬಲ್ಲರೋ ಅವರೇ ಕಾಂಗ್ರೆಸ್ಸಿನ ಕೆಳಮನೆಗೂ ಮತ ಹಾಕಬಹುದು ಎಂದಷ್ಟೇ ಹೇಳಿತು. ಆದ್ದರಿಂದ ಈ ಕಥೆ ವಾಷಿಂಗ್ಟನ್ ನಗರದಲ್ಲಿ ನಡೆದದ್ದಲ್ಲ. ಪ್ರತಿ ರಾಜ್ಯದಲ್ಲೂ ಬೇರೆ ಬೇರೆ ವರ್ಷ, ಬೇರೆ ಬೇರೆ ಜಗಳದ ನಡುವೆ ನಡೆದದ್ದು.

ಬ್ರಿಟಿಷರ ಕಾಲದಿಂದ ಬಂದ ನಿಯಮದಂತೆ ಸ್ವಂತ ಜಮೀನು ಇದ್ದವನಿಗೆ ಮಾತ್ರ ಮತ. ಗೇಣಿಗೆ ಉಳುವವನು ಒಡೆಯನ ಮಾತು ಮೀರಲಾರ, ಹಾಗಾಗಿ ಅವನ ಮತವೂ ಒಡೆಯನದೇ ಎಂಬುದು ಆ ನಿಯಮದ ಹಿಂದಿನ ವಾದ. ಸ್ವಾತಂತ್ರ್ಯ ಘೋಷಿಸಿದ ವರ್ಷವೇ, ಅಂದರೆ 1776ರಲ್ಲಿ, ಪೆನ್ಸಿಲ್ವೇನಿಯಾ ಆ ನಿಯಮವನ್ನು ಒಡೆದು ತೆರಿಗೆ ಕಟ್ಟುವ ಗಂಡಸರಿಗೆಲ್ಲ ಮತ ನೀಡಿತು. ಅಷ್ಟೇ ಅಲ್ಲ, ಅಲ್ಲಿ ಗವರ್ನರ್ ಹುದ್ದೆಯೇ ಇರಲಿಲ್ಲ, ಶಾಸನಸಭೆಗೆ ಒಂದೇ ಮನೆ ಇತ್ತು, ಮಸೂದೆಗಳನ್ನು ಅಚ್ಚು ಹಾಕಿಸಿ ಜನರ ಮುಂದೆ ಇಟ್ಟ ಮೇಲೆಯೇ ಕಾನೂನು ಮಾಡಬೇಕಿತ್ತು. 1777ರಲ್ಲಿ ವರ್ಮಾಂಟ್ ಇನ್ನೂ ಮುಂದೆ ಹೋಗಿ ಆಸ್ತಿಯ ಷರತ್ತನ್ನೇ ಕೈಬಿಟ್ಟಿತು. ಆಗ ಜಾಕ್ಸನ್ ಇನ್ನೂ ಹತ್ತು ವರ್ಷದ ಹುಡುಗ.

ಮಲೆನಾಡಿಗ

ಹಾಗಿದ್ದರೆ ಪಠ್ಯಪುಸ್ತಕಗಳು ‘ಜಾಕ್ಸನ್ ಪ್ರಜಾಪ್ರಭುತ್ವ’ ಎಂದು ಹೆಸರಿಟ್ಟು ಅಧ್ಯಾಯವನ್ನೇ ಬರೆಯುವುದೇಕೆ? ಅದೆಲ್ಲ ಸುಳ್ಳೇ?

ಹಳೇಪುಟ

ಸುಳ್ಳಲ್ಲ, ಹಿಂದುಮುಂದಾಗಿದೆ. ಅಂಕಿಗಳನ್ನು ನೋಡಿ. 1824ರಲ್ಲಿ 24 ರಾಜ್ಯಗಳ ಪೈಕಿ ಆರರಲ್ಲಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳನ್ನು ಜನರು ಆರಿಸುತ್ತಲೇ ಇರಲಿಲ್ಲ, ಶಾಸನಸಭೆಗಳೇ ಆರಿಸುತ್ತಿದ್ದವು. ನಾಲ್ಕೇ ವರ್ಷದಲ್ಲಿ ಅಂಥ ರಾಜ್ಯಗಳು ಎರಡಕ್ಕೆ ಇಳಿದವು: ಡೆಲವೇರ್ ಮತ್ತು ಸೌತ್ ಕೆರೊಲಿನಾ. ಮತ ಹಾಕಬಲ್ಲವರಲ್ಲಿ 1824ರಲ್ಲಿ ನೂರಕ್ಕೆ ಸುಮಾರು 27 ಜನ ಮತಗಟ್ಟೆಗೆ ಬಂದಿದ್ದರೆ, 1828ರಲ್ಲಿ ಸುಮಾರು 57 ಜನ ಬಂದರು. 1840ರ ಹೊತ್ತಿಗೆ ಅದು ಸುಮಾರು 80ಕ್ಕೆ ಏರಿತು. ಹಕ್ಕು ಬಹುಮಟ್ಟಿಗೆ ಆಗಲೇ ಕೈಯಲ್ಲಿತ್ತು. ಅದನ್ನು ಬಳಸಬೇಕೆಂಬ ಹುರುಪು ಜಾಕ್ಸನ್ ಕಾಲದಲ್ಲಿ ಬಂತು.

ಕಾವೇರಿತೀರ

ಆ ಹುರುಪಿಗೆ ಕಾರಣವಾದ 1825ರ ಪ್ರಸಂಗವನ್ನು ವಿದ್ಯಾರ್ಥಿಗಳಿಗೆ ಖಂಡಿತ ಹೇಳಿ. 1824ರ ಚುನಾವಣೆಯಲ್ಲಿ ಜನರ ಮತದಲ್ಲೂ ಎಲೆಕ್ಟರುಗಳ ಮತದಲ್ಲೂ ಜಾಕ್ಸನ್ ಅವರೇ ಮುಂದಿದ್ದರು. ಎಲೆಕ್ಟರುಗಳ ಲೆಕ್ಕದಲ್ಲಿ ಜಾಕ್ಸನ್‌ಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ಗೆ 84, ಕ್ರಾಫರ್ಡ್‌ಗೆ 41, ಹೆನ್ರಿ ಕ್ಲೇಗೆ 37. ಯಾರಿಗೂ ಅರ್ಧ ದಾಟದ ಕಾರಣ ಆಯ್ಕೆ ಕೆಳಮನೆಗೆ ಹೋಯಿತು. ಅಲ್ಲಿ ದೊಡ್ಡ ರಾಜ್ಯವಿರಲಿ, ಚಿಕ್ಕ ರಾಜ್ಯವಿರಲಿ, ಪ್ರತಿ ರಾಜ್ಯಕ್ಕೂ ಒಂದೇ ಮತ. ಆ ಮನೆಯ ಸ್ಪೀಕರ್ ಆಗಿದ್ದ ಕ್ಲೇ ತಮ್ಮ ಬೆಂಬಲವನ್ನು ಆಡಮ್ಸ್ ಅವರಿಗೆ ಕೊಟ್ಟರು, 13 ರಾಜ್ಯಗಳ ಮತದಿಂದ ಆಡಮ್ಸ್ ಅಧ್ಯಕ್ಷರಾದರು, ಕೆಲವೇ ದಿನಗಳಲ್ಲಿ ಕ್ಲೇ ವಿದೇಶಾಂಗ ಕಾರ್ಯದರ್ಶಿಯಾಗಿ ನೇಮಕಗೊಂಡರು. ಇದನ್ನು ಜಾಕ್ಸನ್ ಬೆಂಬಲಿಗರು ‘ಭ್ರಷ್ಟ ಒಪ್ಪಂದ’ ಎಂದು ಕರೆದು ನಾಲ್ಕು ವರ್ಷ ಊರೂರಿನಲ್ಲಿ ಸಾರಿದರು. ತಮ್ಮ ಮತವನ್ನು ಯಾರೋ ಕಸಿದುಕೊಂಡರು ಎಂಬ ಸಿಟ್ಟು ಜನರನ್ನು ಮತಗಟ್ಟೆಗೆ ಕರೆತಂದಷ್ಟು ಬೇರೆ ಯಾವುದೂ ಕರೆತರಲಿಲ್ಲ ಎಂಬುದು ನನ್ನ ಅನಿಸಿಕೆ.

ಮಲೆನಾಡಿಗ

ನಾನು ಹೇಳಬೇಕೆಂದಿದ್ದೂ ಅದನ್ನೇ. ಜಾಕ್ಸನ್ ಅವರನ್ನು ಕಡೆಗಣಿಸುವುದು ನ್ಯಾಯವಲ್ಲ. ಅವರು 1829ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಕಳಿಸಿದ ಮೊದಲ ವಾರ್ಷಿಕ ಸಂದೇಶದಲ್ಲೇ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವಂತೆ ಸಂವಿಧಾನ ತಿದ್ದಬೇಕೆಂದು ಕೇಳಿದರು. ಆ ತಿದ್ದುಪಡಿ ಇವತ್ತಿನವರೆಗೂ ಆಗಿಲ್ಲ. ಅಧಿಕಾರ ವಹಿಸಿಕೊಂಡ ದಿನ ಶ್ವೇತಭವನದ ಬಾಗಿಲನ್ನು ಜನಸಾಮಾನ್ಯರಿಗೆ ತೆರೆದಿಟ್ಟವರು ಅವರು. ನೂಕುನುಗ್ಗಲಿನಲ್ಲಿ ಪಿಂಗಾಣಿ, ಗಾಜು ಒಡೆದವು, ಕೆಸರು ಮೆತ್ತಿದ ಬೂಟುಗಳನ್ನು ಹಾಕಿಕೊಂಡೇ ಜನ ಕುರ್ಚಿಗಳ ಮೇಲೆ ಹತ್ತಿ ನಿಂತರು. ಹಿಂದಿನ ಆರು ಅಧ್ಯಕ್ಷರೂ ವರ್ಜೀನಿಯಾ ಮತ್ತು ಮ್ಯಾಸಚೂಸೆಟ್ಸ್‌ನ ಮೇಲುಸ್ತರದವರು. ತಂದೆಯನ್ನು ಕಾಣದೆ ಹುಟ್ಟಿ, ಹದಿನಾಲ್ಕರ ವಯಸ್ಸಿಗೆ ತಾಯಿಯನ್ನೂ ಕಳೆದುಕೊಂಡ ಹುಡುಗ ಆ ಕುರ್ಚಿಯಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ.

ನ್ಯೂಜೆರ್ಸಿ ಕನ್ನಡತಿ

ನಾನು ಇಪ್ಪತ್ತು ವರ್ಷಗಳಿಂದ ಸೋಮರ್‌ಸೆಟ್ ಕೌಂಟಿಯಲ್ಲಿ ವಾಸವಾಗಿದ್ದೇನೆ. ನಮ್ಮ ಪಕ್ಕದ ಮಾಂಟ್‌ಗೊಮೆರಿ ಎಂಬ ಊರಿನ 1801ರ ಮತದಾರರ ಪಟ್ಟಿ ಸಿಕ್ಕಿದೆ. ಅಂದು ಮತ ಹಾಕಿದವರ ಹೆಸರುಗಳನ್ನು ಗುಮಾಸ್ತ ಒಂದರ ಕೆಳಗೊಂದು ಬರೆದಿಟ್ಟ ಹಾಳೆಗಳು ಅವು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಹೆಂಗಸರ ಹೆಸರುಗಳಿವೆ. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ ನಾನು ಒಂದೊಂದು ಹೆಸರನ್ನೂ ಬೆರಳಿಟ್ಟು ಓದಿದೆ.

ನ್ಯೂಜೆರ್ಸಿಯ 1776ರ ಸಂವಿಧಾನ ‘ಗಂಡಸರು’ ಎನ್ನಲಿಲ್ಲ, ‘ಬಿಳಿಯರು’ ಎನ್ನಲಿಲ್ಲ. ಐವತ್ತು ಪೌಂಡ್ ಬೆಲೆಯ ಆಸ್ತಿಯುಳ್ಳ ‘ಎಲ್ಲ ನಿವಾಸಿಗಳು’ ಎಂದಿತು. ಮದುವೆಯಾದ ಹೆಂಗಸಿನ ಆಸ್ತಿ ಗಂಡನ ಹೆಸರಿಗೆ ಹೋಗುತ್ತಿದ್ದುದರಿಂದ ಮತ ಹಾಕಬಲ್ಲವರು ವಿಧವೆಯರು ಮತ್ತು ಮದುವೆಯಾಗದವರು. ಸ್ವತಂತ್ರ ಕರಿಯರೂ ಮತ ಹಾಕುತ್ತಿದ್ದರು. 1790ರ ಚುನಾವಣಾ ಕಾನೂನಂತೂ ಮತದಾರರ ವಿಷಯದಲ್ಲಿ ‘ಅವನು ಅಥವಾ ಅವಳು’ ಎಂದೇ ಬರೆಯಿತು.

1807ರಲ್ಲಿ ಎಲ್ಲವೂ ಮುಗಿಯಿತು. ಎಸೆಕ್ಸ್ ಕೌಂಟಿಯ ನ್ಯಾಯಾಲಯದ ಕಟ್ಟಡ ನ್ಯೂಆರ್ಕ್‌ನಲ್ಲಿ ಇರಬೇಕೋ ಎಲಿಜಬೆತ್‌ಟೌನ್ ಕಡೆಗೆ ಹೋಗಬೇಕೋ ಎಂಬ ಮತದಾನದಲ್ಲಿ ಎರಡೂ ಕಡೆಯವರು ಬೇಕಾಬಿಟ್ಟಿ ಕಳ್ಳಮತ ಹಾಕಿದರು. ಗಂಡಸರು ಹೆಂಗಸರ ಉಡುಪು ತೊಟ್ಟು ಎರಡೆರಡು ಸಲ ಬಂದರೆಂಬ ದೂರೂ ಇತ್ತು. ವಂಚನೆ ತಡೆಯುವ ಹೆಸರಿನಲ್ಲಿ ಶಾಸನಸಭೆ ಮಾಡಿದ ಕಾನೂನು ಏನು ಗೊತ್ತೇ? ತೆರಿಗೆ ಕಟ್ಟುವ ಬಿಳಿಯ ಗಂಡಸರಿಗೆ ಮಾತ್ರ ಮತ. ಒಂದೇ ಕಾನೂನಿನಿಂದ ಬಡ ಬಿಳಿಯ ಗಂಡಸರಿಗೆ ಬಾಗಿಲು ತೆರೆಯಿತು, ಹೆಂಗಸರಿಗೂ ಕರಿಯರಿಗೂ ಮುಚ್ಚಿತು. ತಪ್ಪು ಮಾಡಿದವರು ಎಲ್ಲರೂ, ಶಿಕ್ಷೆಯಾದದ್ದು ಇಬ್ಬರಿಗೆ. ಈ ರಾಜ್ಯದ ಹೆಂಗಸರು ಮತ್ತೆ ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕಿದ್ದು 1920ರಲ್ಲಿ. ಮೇಷ್ಟ್ರೇ, ‘ಸಾಮಾನ್ಯ ಜನರಿಗೆ ಹಕ್ಕು ದೊರೆಯಿತು’ ಎಂಬ ನಿಮ್ಮ ವಾಕ್ಯದಲ್ಲಿ ಈ ಹೆಂಗಸರು ಎಲ್ಲಿದ್ದಾರೆ?

ಇತಿಹಾಸದ ಮೇಷ್ಟ್ರು

ಮೇಡಂ, ಇದು ನನಗೆ ತಿಳಿದೇ ಇರಲಿಲ್ಲ. ಹಕ್ಕು ಒಮ್ಮೆ ಸಿಕ್ಕಿ ಮತ್ತೆ ಹೋಗಬಹುದು ಎಂಬುದನ್ನು ನಾನು ಈವರೆಗೆ ತರಗತಿಯಲ್ಲಿ ಹೇಳಿಲ್ಲ. ನ್ಯೂಜೆರ್ಸಿ ಒಂದು ಅಪವಾದವೇ, ಅಥವಾ ಬೇರೆ ರಾಜ್ಯಗಳಲ್ಲೂ ಹೀಗೆಯೇ ಆಯಿತೇ?

ಹುಬ್ಬಳ್ಳಿ ವಕೀಲ

ಅಪವಾದವಲ್ಲ ಸರ್, ಹೆಂಗಸರ ವಿಷಯ ಬಿಟ್ಟರೆ ಅದೇ ಮಾದರಿ. ‘ಆಸ್ತಿ’ ಎಂಬ ಪದವನ್ನು ಹೊಡೆದುಹಾಕಿದ ಜಾಗದಲ್ಲಿ ‘ಬಿಳಿಯ’ ಎಂಬ ಪದ ಬಂದು ಕುಳಿತದ್ದನ್ನು ರಾಜ್ಯದಿಂದ ರಾಜ್ಯಕ್ಕೆ ನೋಡಬಹುದು. ಕನೆಕ್ಟಿಕಟ್ 1818ರ ಸಂವಿಧಾನದಲ್ಲಿ ಹಾಗೆ ಮಾಡಿತು. ಟೆನೆಸ್ಸಿ 1834ರಲ್ಲಿ, ನಾರ್ತ್ ಕೆರೊಲಿನಾ 1835ರಲ್ಲಿ ಸ್ವತಂತ್ರ ಕರಿಯರ ಮತವನ್ನು ಕಿತ್ತುಕೊಂಡವು. 1776ರಲ್ಲಿ ಎಲ್ಲರಿಗಿಂತ ಮುಂದಿದ್ದ ಪೆನ್ಸಿಲ್ವೇನಿಯಾವೇ 1838ರಲ್ಲಿ ತನ್ನ ಸಂವಿಧಾನಕ್ಕೆ ‘ಬಿಳಿಯ’ ಎಂಬ ಪದವನ್ನು ಸೇರಿಸಿತು. ಫಿಲಡೆಲ್ಫಿಯಾದ ರಾಬರ್ಟ್ ಪರ್ವಿಸ್ ಆಗ ‘ನಲವತ್ತು ಸಾವಿರ ನಾಗರಿಕರ’ ಪರವಾಗಿ ಮನವಿ ಬರೆದು, ತೆರಿಗೆ ಕಟ್ಟಿದವರನ್ನು ಹೊರಗಿಡುವುದು ಯಾವ ನ್ಯಾಯ ಎಂದು ಕೇಳಿದರು. ಫಲ ಸಿಗಲಿಲ್ಲ. ಅಂತರ್ಯುದ್ಧ ಆರಂಭವಾಗುವ ಹೊತ್ತಿಗೆ ಕರಿಯರು ಬಿಳಿಯರಷ್ಟೇ ಸಮನಾಗಿ ಮತ ಹಾಕಬಹುದಾಗಿದ್ದ ರಾಜ್ಯಗಳು ಐದೇ: ಮೇನ್, ನ್ಯೂಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್.

ಈ ರೋಡ್ ಐಲೆಂಡಿನ ಕಥೆ ಬೇರೆಯೇ ಇದೆ. ಆಮೇಲೆ ಬರೆಯುತ್ತೇನೆ, ಈಗ ಕೋರ್ಟಿಗೆ ಹೊರಟಿದ್ದೇನೆ.

ಮಲೆನಾಡಿಗ

ಒಪ್ಪಿದೆ, ಇದು ಅನ್ಯಾಯ. ಆದರೆ ಒಂದು ಮಾತು. ಆ ಕಾಲದ ಯುರೋಪಿನಲ್ಲಿ ಎಷ್ಟು ಜನರಿಗೆ ಮತವಿತ್ತು? ಬ್ರಿಟನ್ನಿನ 1832ರ ಸುಧಾರಣೆಯ ನಂತರವೂ ಹೆಚ್ಚಿನ ಗಂಡಸರಿಗೆ ಮತವಿರಲಿಲ್ಲ. ಕೂಲಿಕಾರ, ಚಮ್ಮಾರ, ಬಡಗಿ ಮತ ಹಾಕಿ ದೇಶದ ಮುಖ್ಯಸ್ಥನನ್ನು ಆರಿಸುವುದು ಅಂದು ಲೋಕದಲ್ಲೇ ಹೊಸದು. ಅದನ್ನು ಪೂರ್ತಿ ಅಲ್ಲಗಳೆಯಬಾರದು.

ಹಳೇಪುಟ

ಯಾರೂ ಅಲ್ಲಗಳೆಯುತ್ತಿಲ್ಲ. ಆ ಹೊಸತನ ಸುಮ್ಮನೆ ಬರಲಿಲ್ಲ ಎಂಬುದನ್ನೂ ಹೇಳಬೇಕು. ಪಶ್ಚಿಮದ ಹೊಸ ರಾಜ್ಯಗಳಲ್ಲಿ ಜಮೀನಿನ ಪತ್ರಗಳೇ ಸರಿಯಾಗಿ ಇರುತ್ತಿರಲಿಲ್ಲ, ಜನರನ್ನು ಕರೆತಂದು ನೆಲೆಗೊಳಿಸುವುದೂ ಬೇಕಿತ್ತು. ಓಹಿಯೊ 1803ರಲ್ಲಿ ಒಕ್ಕೂಟಕ್ಕೆ ಸೇರುವಾಗ ತೆರಿಗೆ ಕಟ್ಟಿದ ಬಿಳಿಯ ಗಂಡಸರ ಜೊತೆಗೆ ರಸ್ತೆ ಕೆಲಸ ಮಾಡಿದವರಿಗೂ ಮತ ಕೊಟ್ಟಿತು. ಇಂಡಿಯಾನಾ, ಇಲಿನಾಯ್, ಅಲಬಾಮಾ ಆಸ್ತಿಯ ಮಾತೆತ್ತಲೇ ಇಲ್ಲ. ಹಳೆಯ ರಾಜ್ಯಗಳ ಬಡವರು ಅದನ್ನು ನೋಡಿ ಗಂಟುಮೂಟೆ ಕಟ್ಟಿ ಹೊರಟರೆ ಇಲ್ಲಿ ದುಡಿಯುವವರು ಯಾರು ಎಂಬ ಚಿಂತೆ ಪೂರ್ವದಲ್ಲಿ ಹುಟ್ಟಿತು.

ಎರಡನೆಯದು ಬಂದೂಕು. 1812ರ ಯುದ್ಧದಲ್ಲಿ ನಾಗರಿಕ ಸೇನೆಗೆ ಕರೆದದ್ದು ಜಮೀನಿಲ್ಲದವರನ್ನೂ. ವರ್ಜೀನಿಯಾದ ಸಂವಿಧಾನ ಸಮಾವೇಶ 1829ರಲ್ಲಿ ರಿಚ್‌ಮಂಡ್‌ನಲ್ಲಿ ಸೇರಿದಾಗ ಆ ನಗರದ ಜಮೀನಿಲ್ಲದ ಗಂಡಸರು ಒಂದು ಮನವಿ ಕೊಟ್ಟರು. ಶಾಂತಿಯ ಕಾಲದಲ್ಲಿ ಮತಗಟ್ಟೆಯಿಂದ ಓಡಿಸುವ ನೀವು ಯುದ್ಧದ ಕಾಲದಲ್ಲಿ ನಮ್ಮನ್ನು ರಣರಂಗಕ್ಕೆ ಕರೆಯಲು ಮರೆಯುವುದಿಲ್ಲವಲ್ಲ ಎಂಬುದು ಅದರ ಸಾರ. ಮನವಿಯನ್ನು ಸಭೆಯ ಮುಂದಿಟ್ಟವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಸಭೆಯಲ್ಲಿ ಮ್ಯಾಡಿಸನ್ ಮತ್ತು ಮನ್ರೋ ಇಬ್ಬರು ಮಾಜಿ ಅಧ್ಯಕ್ಷರೂ ಇದ್ದರು. ಆದರೂ ಎಲ್ಲ ಬಿಳಿಯ ಗಂಡಸರಿಗೆ ಮತ ಸಿಗಲು ವರ್ಜೀನಿಯಾದಲ್ಲಿ 1851ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ಜಾಕ್ಸನ್ ತೀರಿಕೊಂಡು ಆರು ವರ್ಷವಾಗಿತ್ತು. ಜಾಕ್ಸನ್ ಹಕ್ಕು ಕೊಟ್ಟರು ಎನ್ನುವವರಿಗೆ ಇದೊಂದೇ ಉತ್ತರ ಸಾಕು.

ಕರಾವಳಿ ಓದುಗ

ಮತದಾನ ಹೇಗೆ ನಡೆಯುತ್ತಿತ್ತು ಎಂಬುದನ್ನೂ ಯಾರಾದರೂ ಹೇಳುವಿರಾ? ನಮ್ಮಂತೆ ಗುಪ್ತ ಮತದಾನವಿತ್ತೇ?

ಚಿತ್ರಾಸಕ್ತ

ಇರಲಿಲ್ಲ. ಮಿಸೌರಿಯ ಚಿತ್ರಕಾರ ಜಾರ್ಜ್ ಕೇಲಬ್ ಬಿಂಗಮ್ 1852ರಲ್ಲಿ ಬರೆದ ‘ಕೌಂಟಿ ಚುನಾವಣೆ’ ಎಂಬ ವರ್ಣಚಿತ್ರವನ್ನು ಮೇಷ್ಟ್ರು ತರಗತಿಯಲ್ಲಿ ತೋರಿಸಬೇಕು. ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಮತದಾರನೊಬ್ಬ ಪ್ರಮಾಣ ಮಾಡುತ್ತಿದ್ದಾನೆ. ಅವನು ತನ್ನ ಆಯ್ಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಬಾಯಿಬಿಟ್ಟು ಹೇಳಬೇಕು, ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ. ಅಲ್ಲೇ ಪಕ್ಕದಲ್ಲಿ ಅಭ್ಯರ್ಥಿಯೊಬ್ಬ ಟೋಪಿ ತೆಗೆದು ಮತದಾರನಿಗೆ ನಮಸ್ಕರಿಸುತ್ತಿದ್ದಾನೆ. ಒಂದು ಮೂಲೆಯಲ್ಲಿ ಪಾನೀಯ ಸುರಿದು ಕೊಡುತ್ತಿದ್ದಾರೆ, ಕುಡಿದು ನಿಲ್ಲಲಾರದವನನ್ನು ಇನ್ನೊಬ್ಬ ಎತ್ತಿ ಹಿಡಿದು ಮತಗಟ್ಟೆಯತ್ತ ಎಳೆಯುತ್ತಿದ್ದಾನೆ. ಕೆಳಗೆ ನೆಲದ ಮೇಲೆ ಹುಡುಗರಿಬ್ಬರು ಚಾಕುವಿನ ಆಟ ಆಡುತ್ತಿದ್ದಾರೆ. ಇಡೀ ಚಿತ್ರದಲ್ಲಿ ಒಬ್ಬ ಹೆಂಗಸೂ ಇಲ್ಲ. ಬಿಂಗಮ್ ಕಂಡದ್ದನ್ನೇ ಬರೆದರು. 1846ರಲ್ಲಿ ಅವರೇ ರಾಜ್ಯದ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಗೆದ್ದು, ತಕರಾರಿನಲ್ಲಿ ಆ ಸ್ಥಾನವನ್ನು ಕಳೆದುಕೊಂಡಿದ್ದರು.

ಬೇರೆ ರಾಜ್ಯಗಳಲ್ಲಿ ಚೀಟಿ ಇತ್ತು, ಆದರೆ ಅದನ್ನು ಅಚ್ಚು ಹಾಕಿಸುತ್ತಿದ್ದುದು ಪಕ್ಷಗಳೇ. ಬಣ್ಣ ನೋಡಿದರೆ ಸಾಕು, ಯಾರಿಗೆ ಮತ ಎಂಬುದು ದೂರದಿಂದಲೇ ತಿಳಿಯುತ್ತಿತ್ತು. ಸರ್ಕಾರವೇ ಅಚ್ಚು ಹಾಕಿಸಿದ ಗುಪ್ತ ಮತಪತ್ರ ಆ ದೇಶದಲ್ಲಿ ಬಳಕೆಗೆ ಬರಲು ಆರಂಭಿಸಿದ್ದು 1888ರಿಂದ ಈಚೆಗೆ.

ಮಲೆನಾಡಿಗ

ಹೆಂಡ ಹಂಚುವುದು ಜಾಕ್ಸನ್ ಕಾಲದ ಜನಸಾಮಾನ್ಯರು ತಂದ ಕೆಡುಕು ಎಂದು ದಯವಿಟ್ಟು ಯಾರೂ ಭಾವಿಸಬೇಡಿ. 1758ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರೇ ವರ್ಜೀನಿಯಾದ ಶಾಸನಸಭೆಗೆ ನಿಂತಾಗ ಅವರ ಪರವಾಗಿ ಮತದಾರರಿಗೆ ನೂರು ಗ್ಯಾಲನ್ನಿಗೂ ಹೆಚ್ಚು ಮದ್ಯ ಹಂಚಲಾಗಿತ್ತು. ಜಮೀನ್ದಾರರೇ ಮತದಾರರಾಗಿದ್ದ ಕಾಲವದು.

ಹುಬ್ಬಳ್ಳಿ ವಕೀಲ

ರೋಡ್ ಐಲೆಂಡ್ ವಿಷಯಕ್ಕೆ ಬರುತ್ತೇನೆ. ಈ ರಾಜ್ಯ 1840ರ ದಶಕದಲ್ಲೂ 1663ರಲ್ಲಿ ಇಂಗ್ಲೆಂಡಿನ ದೊರೆ ಕೊಟ್ಟ ಸನ್ನದಿನ ಮೇಲೆಯೇ ನಡೆಯುತ್ತಿತ್ತು. 134 ಡಾಲರ್ ಬೆಲೆಯ ಜಮೀನು ಇದ್ದವನಿಗೆ ಮತ್ತು ಅವನ ಹಿರಿಮಗನಿಗೆ ಮತ. ಹತ್ತಿ ಗಿರಣಿಗಳು ಎದ್ದು, ಊರುಗಳು ಬೆಳೆದು, ಜಮೀನಿಲ್ಲದ ಕೆಲಸಗಾರರು ತುಂಬಿಕೊಂಡರೂ ನಿಯಮ ಬದಲಾಗಲಿಲ್ಲ. ಕೊನೆಗೆ ಅರ್ಧಕ್ಕಿಂತ ಹೆಚ್ಚು ಗಂಡಸರು ಮತದಿಂದ ಹೊರಗುಳಿದರು. ಥಾಮಸ್ ವಿಲ್ಸನ್ ಡಾರ್ ಎಂಬ ವಕೀಲರು, ಸ್ವತಃ ಸಿರಿವಂತ ಮನೆಯವರು, ಇದರ ವಿರುದ್ಧ ನಿಂತರು. ಸರ್ಕಾರದ ಅನುಮತಿ ಕೇಳದೆ 1841ರಲ್ಲಿ ಜನರೇ ಸಮಾವೇಶ ಸೇರಿ ಹೊಸ ಸಂವಿಧಾನ ಬರೆದುಕೊಂಡು, ಅದರ ಅಡಿಯಲ್ಲಿ 1842ರ ವಸಂತದಲ್ಲಿ ಡಾರ್ ಅವರನ್ನು ಗವರ್ನರ್ ಆಗಿ ಆರಿಸಿದರು. ಒಂದೇ ರಾಜ್ಯಕ್ಕೆ ಇಬ್ಬರು ಗವರ್ನರುಗಳಾದರು. ಮೇ ತಿಂಗಳ ಒಂದು ರಾತ್ರಿ ಡಾರ್ ತಮ್ಮವರೊಂದಿಗೆ ಪ್ರಾವಿಡೆನ್ಸ್‌ನ ಆಯುಧಾಗಾರದ ಮುಂದೆ ಫಿರಂಗಿ ತಂದು ನಿಲ್ಲಿಸಿದರು. ಒಳಗೆ ಕಾವಲಿಗಿದ್ದವರಲ್ಲಿ ಅವರ ತಂದೆಯೂ ಇದ್ದರು. ಫಿರಂಗಿ ಹಾರಲಿಲ್ಲ. ಬೆಳಗಾಗುವಷ್ಟರಲ್ಲಿ ಜನ ಚದುರಿದ್ದರು. ಡಾರ್ ಅವರಿಗೆ 1844ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಮರುವರ್ಷ ಬಿಡುಗಡೆಯಾಯಿತು, ಆದರೆ ಸೆರೆಮನೆಯಲ್ಲಿ ಕೆಟ್ಟ ಆರೋಗ್ಯ ಮರಳಲಿಲ್ಲ.

ಸೋತರೂ ಅವರ ಒತ್ತಡಕ್ಕೆ ರಾಜ್ಯ ಮಣಿದು 1843ರಲ್ಲಿ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಮುಖ್ಯವಾದದ್ದು ಇನ್ನು ಮುಂದಿದೆ. ಡಾರ್ ಸ್ವತಃ ವಿರೋಧಿಸಿದರೂ ಅವರ ಕಡೆಯ ‘ಜನತೆಯ ಸಂವಿಧಾನ’ ಮತವನ್ನು ಬಿಳಿಯರಿಗೆ ಮಾತ್ರ ಮೀಸಲಿಟ್ಟಿತ್ತು. ಇದರಿಂದ ನೊಂದ ಪ್ರಾವಿಡೆನ್ಸ್‌ನ ಕರಿಯರು ಹಳೆಯ ಸರ್ಕಾರದ ಕಡೆ ನಿಂತು ಕಾವಲು ಕಾದರು. ಅದಕ್ಕೆ ಪ್ರತಿಯಾಗಿ ಹೊಸ ಸಂವಿಧಾನ ಅವರಿಗೆ ಮತ ಮರಳಿಸಿತು. ಪರದೇಶದಿಂದ ಬಂದು ನಾಗರಿಕರಾದ ಐರಿಷ್ ಕೆಲಸಗಾರರಿಗೆ ಮಾತ್ರ ಅದೇ 134 ಡಾಲರ್ ಜಮೀನಿನ ಷರತ್ತನ್ನು 1888ರವರೆಗೂ ಉಳಿಸಿತು. ಯಾರನ್ನು ಒಳಗೆ ಬಿಟ್ಟರೂ ಇನ್ನಾರನ್ನೋ ಹೊಸ್ತಿಲ ಆಚೆ ನಿಲ್ಲಿಸಿಯೇ ಬಿಟ್ಟರು.

ಕಾವೇರಿತೀರ

ಹೊಸ್ತಿಲ ಆಚೆ ಇದ್ದವರಲ್ಲಿ ಚೆರೋಕಿ ಎಂಬ ಮೂಲನಿವಾಸಿ ಜನರನ್ನು ಮರೆಯಬೇಡಿ. 1830ರ ಮೇ ತಿಂಗಳಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಸಾಗಿಸುವ ಕಾನೂನು ಕೆಳಮನೆಯಲ್ಲಿ 102ಕ್ಕೆ 97 ಮತಗಳಿಂದ ಗೆದ್ದಿತು. ಐದೇ ಮತಗಳ ಅಂತರ. ಜಾಕ್ಸನ್ ಸಹಿ ಹಾಕಿದರು. ಜಾರ್ಜಿಯಾ ರಾಜ್ಯ 1832ರಲ್ಲಿ ಚೆರೋಕಿಗಳ ಭೂಮಿಯನ್ನು ತುಂಡು ಮಾಡಿ, ಲಾಟರಿ ಚೀಟಿ ಎತ್ತಿ, ತನ್ನ ಬಿಳಿಯ ನಿವಾಸಿಗಳಿಗೆ ಹಂಚಿತು. ಆ ಮನೆಗಳಲ್ಲಿ ಚೆರೋಕಿ ಕುಟುಂಬಗಳು ಇನ್ನೂ ವಾಸವಾಗಿದ್ದವು. 1838–39ರ ಹೊರಹಾಕುವಿಕೆಯಲ್ಲಿ ಸುಮಾರು ನಾಲ್ಕು ಸಾವಿರ ಜನ ಸತ್ತರು. ಮಲೆನಾಡಿಗರೇ, ಶ್ವೇತಭವನದ ಬಾಗಿಲು ಯಾರಿಗೆ ತೆರೆದಿತ್ತೋ ಅವರ ಮತಕ್ಕೆ ಈ ಭೂಮಿಯ ಆಸೆಯೂ ಅಂಟಿಕೊಂಡಿತ್ತು. ಎರಡನ್ನೂ ಒಂದೇ ಪಾಠದಲ್ಲಿ ಹೇಳದಿದ್ದರೆ ಮಕ್ಕಳಿಗೆ ಅನ್ಯಾಯವಾಗುತ್ತದೆ.

ಮಲೆನಾಡಿಗ

ಲಾಟರಿಯ ಸಂಗತಿ ನನಗೆ ತಿಳಿದಿರಲಿಲ್ಲ. ಇದಕ್ಕೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ.

ನ್ಯೂಜೆರ್ಸಿ ಕನ್ನಡತಿ

ನಮಗೂ ಇದರಲ್ಲಿ ಸಂಬಂಧವಿದೆ ಎಂಬುದನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. ಅದೇ ಆರಂಭದ ಕಾಲದ 1790ರ ಪೌರತ್ವ ಕಾನೂನು, ಹೊರಗಿನಿಂದ ಬಂದವರಲ್ಲಿ ‘ಸ್ವತಂತ್ರ ಬಿಳಿಯರು’ ಮಾತ್ರ ನಾಗರಿಕರಾಗಬಹುದು ಎಂದಿತು. ಅಂತರ್ಯುದ್ಧದ ನಂತರ 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದರೂ ನಮ್ಮವರು ಹೊರಗೇ ಉಳಿದರು. ಅಮೆರಿಕದ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಪೌರತ್ವವಿಲ್ಲ ಎಂದು ಸುಪ್ರೀಂ ಕೋರ್ಟ್ 1923ರಲ್ಲಿ ಹೇಳಿದ್ದು ಇದೇ ಪದದ ಆಧಾರದ ಮೇಲೆ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಹೋದ ನವೆಂಬರಿನಲ್ಲಿ ನಮ್ಮ ಬೀದಿಯ ಶಾಲೆಯ ಮತಗಟ್ಟೆಯಲ್ಲಿ ಸರದಿಯಲ್ಲಿ ನಿಂತಿದ್ದಾಗ, ನನ್ನ ಹೆಸರು ಆ ಪುಸ್ತಕಕ್ಕೆ ಬರಲು ಎಷ್ಟು ಪದಗಳನ್ನು ಹೊಡೆದುಹಾಕಬೇಕಾಯಿತು ಎಂದು ಯೋಚಿಸುತ್ತಿದ್ದೆ: ‘ಆಸ್ತಿ’, ‘ಗಂಡಸು’, ‘ಬಿಳಿಯ’, ಮೂರೂ.

ಇತಿಹಾಸದ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ವಾಕ್ಯವನ್ನು ಟಿಪ್ಪಣಿಯಿಂದ ಹೊಡೆದುಹಾಕಿದ್ದೇನೆ. ನಾಳಿದ್ದು ನಾನು ವಿವರಿಸುವುದಕ್ಕಿಂತ ಮೊದಲು ವಿದ್ಯಾರ್ಥಿಗಳೇ ಓದಿ ಚರ್ಚಿಸುವಂತೆ ಒಂದು ಮೂಲ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕೆಂದಿದ್ದೇನೆ. ನ್ಯೂಯಾರ್ಕಿನ 1821ರ ಸಂವಿಧಾನ ಸಮಾವೇಶದ ನಿಯಮ ಸೂಕ್ತವೆಂದು ಕೇಳಿದ್ದೇನೆ. ಅದರ ವಿವರವನ್ನು ಯಾರಾದರೂ ಕೊಡಬಲ್ಲಿರಾ?

ಹಳೇಪುಟ

ಸೂಕ್ತವೇ. ಆ ಸಮಾವೇಶದಲ್ಲಿ ನ್ಯಾಯಾಧೀಶ ಜೇಮ್ಸ್ ಕೆಂಟ್, ನಗರದ ಬಡವರ ಕೈಗೆ ಮತ ಕೊಟ್ಟರೆ ಆಸ್ತಿವಂತರ ಗತಿಯೇನು ಎಂದು ಕೊನೆಯವರೆಗೂ ವಾದಿಸಿ ಸೋತರು. ಗೆದ್ದವರು ಬರೆದ ನಿಯಮವನ್ನು ಹಲಗೆಯ ಎರಡು ಬದಿಗೆ ಹೀಗೆ ಬರೆಯಿರಿ.

ಎಡಗಡೆ, ಬಿಳಿಯ ಗಂಡಸಿಗೆ: ವಯಸ್ಸು 21, ರಾಜ್ಯದಲ್ಲಿ ಒಂದು ವರ್ಷದ ವಾಸ, ತೆರಿಗೆ ಕಟ್ಟಿರಬೇಕು ಅಥವಾ ನಾಗರಿಕ ಸೇನೆಯಲ್ಲಿ ಸೇವೆ ಸಲ್ಲಿಸಿರಬೇಕು. ಮೂರು ವರ್ಷ ವಾಸವಿದ್ದವನಾದರೆ ರಸ್ತೆ ಕೆಲಸ ಮಾಡಿದ್ದರೂ ಸಾಕು. 1826ರಲ್ಲಿ ತೆರಿಗೆಯ ಷರತ್ತೂ ಹೋಯಿತು.

ಬಲಗಡೆ, ಕರಿಯ ಗಂಡಸಿಗೆ: ವಯಸ್ಸು 21, ಮೂರು ವರ್ಷದಿಂದ ರಾಜ್ಯದ ನಾಗರಿಕನಾಗಿರಬೇಕು, ಸಾಲ ಮತ್ತು ಋಣಭಾರಗಳನ್ನೆಲ್ಲ ಕಳೆದು 250 ಡಾಲರ್ ಬೆಲೆಯ ಸ್ವಂತ ಜಮೀನು ಮತದಾನಕ್ಕೆ ಒಂದು ವರ್ಷ ಮೊದಲಿನಿಂದ ಅವನ ಹೆಸರಿನಲ್ಲಿರಬೇಕು, ಅದಕ್ಕೆ ತೆರಿಗೆಯನ್ನೂ ಕಟ್ಟಿರಬೇಕು. ಇದು 1870ರವರೆಗೆ ಉಳಿಯಿತು.

ಸಮಯವಿದ್ದರೆ ಇನ್ನೊಂದನ್ನೂ ಸೇರಿಸಿ. 1825ರಿಂದ ಮ್ಯಾನ್‌ಹ್ಯಾಟನ್ನಿನ ಸೆನೆಕಾ ವಿಲೇಜ್ ಎಂಬಲ್ಲಿ ಕರಿಯರು ಸಣ್ಣ ಸಣ್ಣ ನಿವೇಶನಗಳನ್ನು ಕೊಂಡು ಮನೆ, ಚರ್ಚು, ಶಾಲೆ ಕಟ್ಟಿಕೊಂಡರು. ಕೆಲವರಿಗೆ ಆ ನೆಲದಿಂದಲೇ ಮತದ ಹಕ್ಕು ಬಂದಿತ್ತು. 1857ರಲ್ಲಿ ನಗರವು ಉದ್ಯಾನಕ್ಕಾಗಿ ಪರಿಹಾರ ಕೊಟ್ಟು ಆ ಜಾಗವನ್ನು ವಶಪಡಿಸಿಕೊಂಡಿತು, ಮನೆಗಳನ್ನು ಕೆಡವಲಾಯಿತು. ಇಂದು ಅದು ಸೆಂಟ್ರಲ್ ಪಾರ್ಕಿನ ಪಶ್ಚಿಮ ಅಂಚಿನಲ್ಲಿದೆ. ಜಮೀನು ಹೋದ ಮೇಲೆ ಆ ಮತದಾರರ ಮತ ಏನಾಯಿತು ಎಂಬ ಪ್ರಶ್ನೆಯನ್ನು ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ಖಂಡಿತ ಕೇಳುತ್ತಾಳೆ.